ಮಗಳಿಗೊಂದು ಪತ್ರ: ಬೀಸುಕಲ್ಲು ನಿಜಕ್ಕೂ ಸುತ್ತುತ್ತದಾ?

ಪ್ರೀತಿಯ ಪುಟ್ಟಿ,

‘ಅಪ್ಪಾ, ಹಾರುವ ಬಾಣ ಪ್ರತಿ ಕ್ಷಣವೂ ಯಾವುದೋ ಒಂದು ಜಾಗದಲ್ಲಿ ಇರುತ್ತೆ. ಹಾಗಾದ್ರೆ ಅದು ಚಲಿಸೋದು ಯಾವಾಗ?’ ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ. ಊಟ ಆರುತ್ತಿತ್ತು, ಏನೋ ಹೇಳಿ ಜಾರಿಕೊಂಡೆ. ಈಗ ಬರೆಯುತ್ತಿದ್ದೇನೆ.

ಅಜ್ಜಿಯ ಬೀಸುಕಲ್ಲು ನೆನಪಿದೆ ಅಲ್ವಾ? ಇಸ್ಲಾಮಿನ ಕಲಾಂ ಪಂಡಿತರು, ಅಂದರೆ ಧರ್ಮದ ವಿಚಾರಗಳನ್ನು ತರ್ಕದಿಂದ ಚರ್ಚಿಸುತ್ತಿದ್ದವರು, ಜಗಳವಾಡಿದ್ದು ಅಂಥದ್ದೇ ಕಲ್ಲಿನ ಬಗ್ಗೆ. ಎಲ್ಲವೂ ಒಡೆಯಲಾಗದ ಕಣಗಳಿಂದ ಆಗಿದೆ ಅನ್ನುತ್ತಿದ್ದರು ಅವರಲ್ಲಿ ಹಲವರು. ಸರಿ, ಕಲ್ಲು ಸುತ್ತುವಾಗ ಅಂಚಿನ ಕಣ ಒಂದು ಕಣದಷ್ಟು ಸರಿದರೆ ಗೂಟದ ಪಕ್ಕದ್ದು ಎಷ್ಟು ಸರಿಯಬೇಕು? ಅದಕ್ಕಿಂತ ಕಡಿಮೆ. ಆದರೆ ಕಣಕ್ಕಿಂತ ಕಡಿಮೆ ಅನ್ನುವುದೇ ಇಲ್ಲವಲ್ಲ! ಒಳಗಿನ ಕಣ ಆಗಾಗ ನಿಲ್ಲುತ್ತದೆ, ಆಗ ಕಲ್ಲು ಬಿಟ್ಟುಕೊಂಡು ಮತ್ತೆ ಕೂಡಿಕೊಳ್ಳುತ್ತದೆ ಅಂದರು ಕೆಲವರು. ಅಜ್ಜಿ ಕೇಳಿದ್ದರೆ ನಗುತ್ತಿದ್ದರು. 9ನೇ ಶತಮಾನದಲ್ಲಿ ಇರಾಕಿನ ಬಸ್ರಾದ ನಜ್ಜಾಮ್ ಅನ್ನುವ ಕಲಾಂ ಪಂಡಿತ ಕಣಗಳನ್ನೇ ಒಪ್ಪಲಿಲ್ಲ. ಎಲ್ಲವನ್ನೂ ಒಡೆಯುತ್ತಲೇ ಹೋಗಬಹುದು ಅಂದ. ಹಾಗಾದರೆ ಇರುವೆ ಲೆಕ್ಕವಿಲ್ಲದಷ್ಟು ತುಂಡು ದಾರಿ ದಾಟುವುದು ಹೇಗೆ? ನಡುನಡುವೆ ಜಿಗಿಯುತ್ತದಂತೆ!

ನಿನ್ನ ಬಾಣಕ್ಕೆ ಉತ್ತರ ಇರುವುದು ತತ್ವಜ್ಞಾನಿ ಇಬ್ನ್ ಸೀನಾ (980–1037) ಹತ್ತಿರ. ಅವನ ‘ಅಶ್-ಶಿಫಾ’ ಪುಸ್ತಕದ ಹೆಸರಿನ ಅರ್ಥ ‘ಗುಣವಾಗುವುದು’. ಬರೆದವನೂ ವೈದ್ಯ. ಆದರೂ ಅದು ಔಷಧದ ಪುಸ್ತಕ ಅಲ್ಲ, ತತ್ವಶಾಸ್ತ್ರದ್ದು. ಚಲನೆ ಅನ್ನುವ ಮಾತಿಗೆ ಎರಡು ಅರ್ಥ ಅನ್ನುತ್ತಾನೆ. ಒಂದು, ಹೊರಟಲ್ಲಿಂದ ತಲುಪುವವರೆಗಿನ ಇಡೀ ಓಟ. ಅದು ಹೊರಗೆ ಎಲ್ಲೂ ಸಿಗುವುದಿಲ್ಲ. ಓಡುವಾಗ ಇನ್ನೂ ಮುಗಿದಿಲ್ಲ, ಮುಗಿದ ಮೇಲೆ ಇಲ್ಲವೇ ಇಲ್ಲ. ಮಳೆಹನಿ ಗೆರೆಯಾಗಿ ಕಾಣುವ ಹಾಗೆ, ಅದನ್ನು ಜೋಡಿಸುವುದು ನಮ್ಮ ಮನಸ್ಸು. ಇನ್ನೊಂದು, ನಡುವೆ ಇರುವುದು: ಹೊರಟಾಗಿದೆ, ತಲುಪಿಲ್ಲ. ಈಗ ಇರುವ ಜಾಗದಲ್ಲಿ ಮುಂಚೆಯೂ ಇರಲಿಲ್ಲ, ಆಮೇಲೂ ಇರುವುದಿಲ್ಲ. ಇದು ಹೊರಗೆ ನಿಜವಾಗಿ ಇದೆ. ಬಾಣ ಆ ಕ್ಷಣ ಅಲ್ಲಿ ಇದೆ, ಆದರೆ ನಿಂತಿಲ್ಲ.

ನನಗೆ ಇದು ತುಂಬಾ ಹಿಡಿಸಿತು. ಅವರಿಗೆ ಜಾಗ ಬದಲಾಗುವುದಷ್ಟೇ ಅಲ್ಲ, ಬಣ್ಣ, ರುಚಿ ಮೆಲ್ಲಗೆ ಬದಲಾಗುವುದೂ ಚಲನೆಯೇ. ಆದರೆ ವಸ್ತುವಿನ ತಿರುಳಲ್ಲಿ ಮಾತ್ರ ಚಲನೆ ಇಲ್ಲ ಅಂದುಬಿಟ್ಟ ಇಬ್ನ್ ಸೀನಾ. ತಿರುಳೇ ಬದಲಾದರೆ ಬದಲಾಗಿದ್ದು ಯಾವುದು ಅಂತ ಹೇಳುವುದು ಹೇಗೆ ಅನ್ನುವುದು ಅವನ ತಕರಾರು. 17ನೇ ಶತಮಾನದಲ್ಲಿ ಇರಾನಿನ ಶಿರಾಜಿನ ತತ್ವಜ್ಞಾನಿ ಮುಲ್ಲಾ ಸದ್ರಾ ಇದನ್ನು ಒಪ್ಪಲಿಲ್ಲ. ಹುಳಿ ದ್ರಾಕ್ಷಿ ಸಿಹಿಯಾಗುತ್ತಿದ್ದರೆ, ಆ ಬದಲಾವಣೆ ಹುಟ್ಟುವುದು ಅದರ ತಿರುಳಿಂದಲೇ. ಸುಮ್ನೆ ಕೂತಿರುವ ತಿರುಳಿಂದ ಅದು ಹೇಗೆ ಹುಟ್ಟೀತು? ದ್ರಾಕ್ಷಿಯ ಇರುವಿಕೆಯೇ ಒಂದು ಹರಿವು, ಕಡಿಯದೆ ಹರಿಯುವುದರಿಂದಲೇ ಅದು ಒಂದು ಅನ್ನುತ್ತಾನೆ.

ಇಬ್ಬರಲ್ಲಿ ಯಾರು ಸರಿ ಅಂತ ನೀನು ಕೇಳೇ ಕೇಳುತ್ತೀಯ. ಭಾನುವಾರ ಫೋನ್ ಮಾಡು, ಊಟಕ್ಕೆ ಮೊದಲು.

ನಿನ್ನ ಅಪ್ಪ