ಮಾತು ಕೊಟ್ಟವ್ರನ್ನ ಮುಂದ ಕೇಳೋರು ಬೇಕ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ನಮ್ಮ ಬಾಗಲಕೋಟಿ ಕಡೆ ಕ್ರೈಸ್ತ ಸಭೆಗಳೊಳಗ (ಚರ್ಚುಗಳೊಳಗ) ಕನ್ವೆನ್ಷನ್ ಅಂದ್ರ ದೊಡ್ಡ ಪ್ರಾರ್ಥನಾ ಕೂಟ ನಡೆದಾಗ, ಡಿಸೆಂಬರ್ 31ರ ರಾತ್ರಿ ಆರಾಧನೆಯೊಳಗ ಎಷ್ಟೋ ಮಂದಿ ಎದ್ದು ನಿಂತು ಮಾತು ಕೊಡ್ತಾರ, ಒಬ್ಬರು ಬಡ ಹುಡುಗನ ಫೀ ಕಟ್ತೀನಿ ಅಂತಾರ, ಇನ್ನೊಬ್ರು ಹಾಸಿಗಿ ಹಿಡಿದವ್ರ ಮನಿಗೆ ವಾರಕ್ಕೊಮ್ಮೆ ಹೋಗಿ ಪ್ರಾರ್ಥನೆ ಮಾಡ್ತೀನಿ ಅಂತಾರ, ಎಲ್ಲಾರೂ ಆಮೆನ್ ಅಂತಾರ. ಯುಗಾದಿ ಬರೋದ್ರಾಗ ಅದು ಯಾರ ನೆನಪಿನಾಗೂ ಇರಂಗಿಲ್ಲ. ಅವ್ರು ಸುಳ್ಳು ಹೇಳಿದ್ರು ಅಂತ ನಾ ಅನ್ನಂಗಿಲ್ಲ, ಆ ಹೊತ್ತಿಗೆ ಖರೇ ಮನಸ್ಸಿನಿಂದಾನ ಹೇಳಿರ್ತಾರ. ಆದ್ರ ಫೀ ಕಟ್ತಾರ ಅಂತ ನಂಬಿ ಕೂತ ತಾಯಿ ಗತಿ ಏನ್ರಿ? ಆಕಿ ಬ್ಯಾರೆ ಯಾರ ಕಡೆನೂ ಕೇಳಿರಂಗಿಲ್ಲ.

2019ರ ಆಗಸ್ಟಿನಾಗ ಮಲಪ್ರಭಾ, ಘಟಪ್ರಭಾ ತುಂಬಿ ಬಂದಾಗೂ ಹಂಗ ಆತು. ಮೊದಲಿಗೆ ಅಕ್ಕಿ ಚಾದರ ಹೊತ್ಗೊಂಡು ಓಡಿದವ್ರು ಭಾಳ, ಬಿದ್ದ ಗ್ವಾಡಿ ಕಟ್ಟೋ ಹೊತ್ತಿಗೆ ನಿಂತವ್ರು ಕಡಿಮಿ.

ಬೈಬಲಿನಾಗ ಬರೋ ಗ್ರೀಸಿನ ಕೊರಿಂಥ ಊರಿನ ಸಭೆಯವ್ರೂ ಇದನ್ನ ಮಾಡಿದ್ರು. ಯೆರೂಸಲೇಮಿನ ಬಡವ್ರಿಗೆ ಕಾಣಿಕೆ ಕೂಡಸ್ತೀವಿ ಅಂತ ಹುರುಪಿನಿಂದ ಶುರು ಮಾಡಿ ಒಂದು ವರ್ಷ ಆದ್ರೂ ಮುಗಿಸಿರಲಿಲ್ಲ. ಕೊರಿಂಥದವ್ರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಾಗ ಅಪೊಸ್ತಲ ಪೌಲ ಅವ್ರಿಗೆ, ಮನಸ್ಸು ಮಾಡಿದಂಗ ಈಗ ಕೆಲಸಾನೂ ಮುಗಿಸ್ರಿ, ನಿಮ್ಮ ಹತ್ರ ಇದ್ದದ್ರಾಗ ಕೊಡ್ರಿ ಅಂತ ಬರೀತಾನ, ಇಲ್ಲದ್ದನ್ನ ಕೇಳಂಗಿಲ್ಲ. ಮಕೆದೋನ್ಯ ಸೀಮೆಯ ಸಭೆಯವ್ರು ಕಡುಬಡತನದಾಗ ಇದ್ದೂ ಕೊಟ್ರು ಅನ್ನೋದನ್ನ ಮುಂದಿಡ್ತಾನ. ನನಗ ಭಾಳ ದೊಡ್ಡದು ಅನಿಸೋದು ಏನಂದ್ರ, ಪತ್ರ ಬರೆದು ಸುಮ್ನ ಕೂಡಲಿಲ್ಲ ಅಂವ, ಆ ಕೆಲಸ ಪೂರಾ ಮಾಡಿಸಾಕ ತನ್ನ ಜೊತಿ ಕೆಲಸಗಾರ ತೀತನ್ನ ಕಳಿಸಿದ, ಸಂಗಡ ಇನ್ನಿಬ್ಬರು ಸಹೋದರರನ್ನೂ ಕಳಿಸಿದ, ರೊಕ್ಕದ ವಿಷಯದಾಗ ಯಾರೂ ಬೊಟ್ಟು ಮಾಡಿ ತೋರಿಸಬಾರದು ಅಂತ.

ನಮ್ಮಲ್ಲಿ ಆ ತೀತನ ಕೆಲಸ ಮಾಡೋರ ಇಲ್ಲ. ಮಾತು ಕೊಟ್ಟವ್ರು ಬ್ಯಾಸರ ಮಾಡ್ಕೋತಾರ ಅಂತ ಅಯ್ಯನವ್ರು (ಪಾಸ್ಟರು) ಕೇಳಂಗಿಲ್ಲ, ದೊಡ್ಡ ಮನಿತನದವ್ರು ಅಂತ ಹಿರಿಯರೂ ಬಾಯಿ ಬಿಡಂಗಿಲ್ಲ. ಕೇಳೋದು ಅವಮಾನ ಅಲ್ರಿ, ಪ್ರೀತಿ ಇದ್ದವ್ರ ಕೇಳೋದು. ನಡುವ ಕೈ ಬಿಟ್ಟವ್ರನ್ನ ಹೀಯಾಳಿಸೋದು ಬ್ಯಾಡ, ಸುವಾರ್ತೆ ಪ್ರಯಾಣದ ನಡುವ ಪಂಫುಲ್ಯ ಸೀಮೆಯಾಗ ಬಿಟ್ಟು ಹೋದ ಜೊತಿಗಾರ ಮಾರ್ಕನ್ನ ಪೌಲ ಮೊದಲು ಸೇರಿಸ್ಕೊಳ್ಳಲಿಲ್ಲ ಖರೆ, ಕಡೀಕ ಅವನ್ನ ಕರ್ಕೊಂಡು ಬಾ, ನನಗ ಬೇಕಾದವ ಅಂತ ತನ್ನ ಶಿಷ್ಯ ತಿಮೊಥೆಗೆ ಬರೆದವನೂ ಅವನ.

ಅದಕ್ಕ ಈ ಸಲ ಡಿಸೆಂಬರ್ 31ಕ್ಕ ಯಾರು ಏನು ಹೇಳಿದ್ರು ಅಂತ ಕಮಿಟಿಯವ್ರು ವಹಿಯಾಗ ಬರ್ಕೊಂಡು, ಮೂರು ತಿಂಗಳಿಗೊಮ್ಮೆ ಇಬ್ಬರು ಹಿರಿಯರು ಅವ್ರ ಮನಿಗೆ ಹೋಗಿ ಚಹಾ ಕುಡದು ವಿಚಾರಿಸ್ರಿ, ಆಗಿಲ್ಲ ಅಂದ್ರ ಯಾಕ ಆಗಿಲ್ಲ ಕೇಳ್ರಿ, ಭಾರ ಆಗಿದ್ರ ಅರ್ಧ ಇನ್ನೊಬ್ರು ಹಂಚ್ಕೊಳ್ಳಿ.

ಇಂತಿ,
ಸಭೆಯ ಒಬ್ಬ ಸದಸ್ಯ, ಬಾಗಲಕೋಟಿ ಜಿಲ್ಲೆ