ತಿದ್ದಿದ ಸಂಖ್ಯೆ ಯಾರದು?

ನೀರ್ಚಾಲು
ಭಾನುವಾರ

ಚಿ. ಸೌಮ್ಯಾಳಿಗೆ ಮಾವನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ನಿನ್ನ ಪತ್ರದ ಒಂದೇ ಒಂದು ಮಾತು ನನಗೆ ನಿದ್ದೆ ಬರಗೊಡಲಿಲ್ಲ. "ಅಳೆದದ್ದನ್ನು ತಿದ್ದಿ ಹೇಳಿದರೆ ಆ ಸಂಖ್ಯೆ ನೀರಿನದೋ, ನಾನು ಹುಟ್ಟಿಸಿದ್ದೋ?"

ನಿನ್ನ ಪ್ರಯೋಗ ನನಗೆ ಅರ್ಥವಾದದ್ದು ಹೀಗೆ: ನಿರ್ವಾತದಲ್ಲಿ ಹಾಯುವ ಕೂದಲಿಗಿಂತ ಸಪೂರದ ನೀರಿನ ಧಾರೆ. ಅದರೊಳಗೆ ಅಣುಗಳ ನಡುವೆ ಸಿಕ್ಕಿಕೊಂಡ ಇಲೆಕ್ಟ್ರಾನನ್ನು ನೇರಳಾತೀತ ಬೆಳಕು ಹೊರಗೆ ಹಾರಿಸುತ್ತದೆ. ಬೆಳಕು ಕೊಟ್ಟ ಶಕ್ತಿಯಲ್ಲಿ ಇಲೆಕ್ಟ್ರಾನ್ ಹೊತ್ತು ತಂದ ಚಲನಶಕ್ತಿಯನ್ನು ಕಳೆದರೆ ಬಂಧನ ಶಕ್ತಿ, ಅಂದರೆ ನೀರು ಅದನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತು ಎಂಬ ಲೆಕ್ಕ, ಸಿಗಬೇಕು. ಆದರೆ ಇಲೆಕ್ಟ್ರಾನ್ ಬರುವ ದಾರಿಯಲ್ಲೇ ಅಣುಗಳಿಗೆ ತಾಗಿ ಚದುರುತ್ತದೆ, ಅದರ ಚಲನಶಕ್ತಿ ಬದಲಾಗುತ್ತದೆ. ಆ ಚದುರುವಿಕೆಯನ್ನು ಲೆಕ್ಕಕ್ಕೆ ಹಿಡಿದು ಹಿಂದಕ್ಕೆ ಹೋಗುವುದು ಸುಳ್ಳು ಹೇಗಾದೀತು, ಮಗಳೇ? 2010ರಲ್ಲಿ ಬೇರೆ ಬೇರೆ ತಂಡಗಳು ಈ ಬಂಧನ ಶಕ್ತಿ 3.3ರಿಂದ 3.6 ಇಲೆಕ್ಟ್ರಾನ್ ವೋಲ್ಟ್ (ಅಣುಗಳ ಮಟ್ಟದ ಶಕ್ತಿಯ ಅಳತೆ) ಎಂದವು. ಚದುರುವಿಕೆಯನ್ನು ಸೇರಿಸಿ ನೋಡಿದ ಮೇಲೆ ಸುಮಾರು 3.7 ಎಂದಾಯಿತು. ಮೊದಲಿನವರು ಕಂಡದ್ದನ್ನೇ ಹೇಳಿದ್ದರು.

ನಮ್ಮ ಅಂಗಳದ ಮಳೆಮಾಪಕವೂ ಗಾಳಿ ಜೋರಿದ್ದ ದಿನ ಬಿದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ನಾನು ಮಾಪಕದ ಅಂಕಿಯನ್ನೇ ಬರೆದು, ಪಕ್ಕದಲ್ಲಿ "ಗಾಳಿ" ಎಂದು ಗುರುತು ಹಾಕುತ್ತೇನೆ.

ಸೋಡಿಯಂ ಹಾಕಿದರೆ ದ್ರವ ಅಮೋನಿಯಾ ಕಡುನೀಲಿಯಾಗುತ್ತದೆ, ನಿನ್ನ ನೀರಿನಲ್ಲಿರುವಂತೆಯೇ ಬಿಡಿ ಇಲೆಕ್ಟ್ರಾನುಗಳನ್ನು ಅಮೋನಿಯಾ ಅಣುಗಳು ಸುತ್ತುವರಿಯುವುದೇ ಕಾರಣ ಎಂದು ಪ್ಲಸ್ ಟು ಮಕ್ಕಳಿಗೆ ವರ್ಷ ವರ್ಷವೂ ಕರಿಹಲಗೆಯ ಮೇಲೆ ಬರೆದವನು ನಾನು. ಆ ನೀಲಿಯನ್ನು ಕಣ್ಣಾರೆ ಕಂಡಿಲ್ಲ. ಅಮೋನಿಯಾ ದ್ರವವಾಗಲು ಸೊನ್ನೆಗಿಂತ 33 ಡಿಗ್ರಿ ಕೆಳಗೆ ಇಳಿಸುವ ಅನುಕೂಲ ನಮ್ಮ ಪ್ರಯೋಗಶಾಲೆಯಲ್ಲಿ ಎಲ್ಲಿತ್ತು? ಸಂಶೋಧನೆಗೆ ಹೋಗದೆ ತೋಟಕ್ಕೆ ಉಳಿದ ಕಥೆ ನಿನಗೆ ಗೊತ್ತು. ಆ ಕೊರಗು ಇನ್ನೂ ಹೋಗಿಲ್ಲ. ಅದಕ್ಕೇ ಇರಬೇಕು, "ನಾನು ಹುಟ್ಟಿಸಿದ್ದೋ" ಎಂದು ನೀನು ಬರೆದಾಗ ಅಷ್ಟು ನೋವಾಯಿತು.

ನನ್ನಂಥವನು ಇಲ್ಲಿ ಕುಳಿತು ಹೇಳುವುದು ಸುಲಭ. ಆದರೂ ಬೆಳಕಿನ ತರಂಗಾಂತರ ಬದಲಿಸಿ ಅಳೆದು ನೋಡು. ತಿದ್ದುವ ಮೊದಲು ಬೇರೆ ಬೇರೆ ಬರುವ ಉತ್ತರಗಳು ತಿದ್ದಿದ ಮೇಲೆ ಒಂದೇ ಕಡೆ ಸೇರಿದರೆ ಅದು ನೀನು ಹುಟ್ಟಿಸಿದ್ದಲ್ಲ. ಸೇರದಿದ್ದರೆ ಅದನ್ನೂ ಹಾಗೆಯೇ ಬರೆ. ಧಾರೆ ಹರಿಯುವಾಗ ನೀರಿಗೆ ವಿದ್ಯುದಾವೇಶ ಬರುತ್ತದಂತೆ, ಅದನ್ನು ನೋಡಿಕೊಂಡಿರುತ್ತೀಯಲ್ಲ? ನಿನಗೆ ಹೇಳಬೇಕಾದದ್ದಿಲ್ಲ. ರಾತ್ರಿ ಊಟ ತಪ್ಪಿಸಬೇಡ.

ಚೌತಿಗೆ ಬರುವಾಗ ಗ್ರಾಫುಗಳನ್ನು ಪ್ರಿಂಟ್ ತೆಗೆಸಿ ತಾ. ತಿದ್ದದೆ ಇದ್ದದ್ದೂ ಬೇಕು, ತಿದ್ದಿದ್ದೂ ಬೇಕು.

ನಿನ್ನ ಮಾವ