ಡಿಗ್ರಿ ಬೇರೆ, ವಿಮಾನಕ್ಕೆ ಸಹಿ ಹಾಕುವ ಲೈಸೆನ್ಸ್ ಬೇರೆ

ಮಾನ್ಯ ಸಂಪಾದಕರೇ,

ಸಿಇಟಿ ಬರೆದು ಸೀಟಿಗಾಗಿ ಕಾಯುತ್ತಿರುವವರಲ್ಲಿ ನಾನೂ ಒಬ್ಬಳು. ನನಗೆ ವಿಮಾನ ರಿಪೇರಿ ಕೆಲಸ ಕಲಿಯುವ ಆಸೆ. ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು: 'ಮೊದಲು ಬಿಇ ಮಾಡು, ಏರೋನಾಟಿಕಲ್ ತಗೋ, ಆಮೇಲೆ ಎಲ್ಲ ತಾನಾಗೇ ಆಗುತ್ತೆ.' ತಾನಾಗೇ ಆಗಲ್ಲ. ಇದನ್ನು ಕಾಲೇಜಿನಲ್ಲೂ ಯಾರೂ ಹೇಳಲಿಲ್ಲ, ಅದಕ್ಕೇ ಈ ಪತ್ರ.

ಬಿಇ ಬೇಡ ಅಂತಲ್ಲ. ವಿಮಾನದ ರೆಕ್ಕೆ ಹೇಗಿರಬೇಕು, ಎಷ್ಟು ಭಾರ ತಡೆಯಬೇಕು ಅಂತ ಲೆಕ್ಕ ಹಾಕುವವರು ಬೇಕೇ ಬೇಕು. ಬೆಂಗಳೂರಿನಲ್ಲೇ ವಿಮಾನ ತಯಾರಿಸುವ, ಸಂಶೋಧನೆ ಮಾಡುವ ಸಂಸ್ಥೆಗಳಾದ ಎಚ್‌ಎಎಲ್, ಎನ್‌ಎಎಲ್ ಇವೆಯಲ್ಲ. ಆದರೆ ಹಾರಿ ಬಂದ ವಿಮಾನವನ್ನು ತಪಾಸಣೆ ಮಾಡಿ, ಇದು ಮತ್ತೆ ಹಾರಬಹುದು ಅಂತ ಸಹಿ ಹಾಕುವುದು ಬೇರೆಯೇ ಕೆಲಸ. ಅದಕ್ಕೆ ಕೇಂದ್ರ ಸರ್ಕಾರದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಕೊಡುವ ಎಎಂಇ (ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಎಂಜಿನಿಯರ್) ಲೈಸೆನ್ಸ್ ಬೇಕು. ಎಂಜಿನ್, ಬಾಡಿ ಕಡೆಯವರಿಗೆ ಬಿ1, ಎಲೆಕ್ಟ್ರಾನಿಕ್ಸ್ ಕಡೆಯವರಿಗೆ ಬಿ2. ಒಂದೊಂದೇ ಪೇಪರ್ ಪಾಸ್ ಮಾಡುತ್ತಾ ಹೋಗಬೇಕು, ಪಾಸಾಗಲು ಶೇ 75 ಅಂಕ. ಬಿಇ ಮಾಡಿದ್ದರೂ ಈ ಲೈಸೆನ್ಸ್ ಇಲ್ಲದೆ ಆ ಸಹಿ ಹಾಕುವಂತಿಲ್ಲ.

ನಮ್ಮ ಚಿಕ್ಕಪ್ಪ ವಿಮಾನ ನಿಲ್ಲಿಸಿ ರಿಪೇರಿ ಮಾಡುವ ಹ್ಯಾಂಗರ್‌ನಲ್ಲಿ ಟೆಕ್ನಿಷಿಯನ್. ಒಮ್ಮೆ ಮನೆಯಲ್ಲೇ ಎರಡು ಬೋಲ್ಟ್ ಇಟ್ಟುಕೊಂಡು, ಅವು ಸಡಿಲವಾಗದಂತೆ ಲಾಕ್‌ವೈರ್ ಹಾಕುವುದನ್ನು ತೋರಿಸಿದರು. ಬೋಲ್ಟಿನ ತಲೆಯಲ್ಲಿ ತೂತಿರುತ್ತದೆ. ಸಣ್ಣ ಸ್ಟೀಲ್ ತಂತಿಯನ್ನು ಅದರಲ್ಲಿ ತೂರಿಸಿ, ಎರಡೂ ಎಳೆ ಸೇರಿಸಿ ಹೊಸೆದು, ಪಕ್ಕದ ಬೋಲ್ಟಿಗೆ ಎಳೆದು ಕಟ್ಟಬೇಕು. ತಂತಿ ಯಾವಾಗಲೂ ಬೋಲ್ಟನ್ನು ಬಿಗಿಯಾಗುವ ಕಡೆಗೇ ಎಳೆಯುತ್ತಿರಬೇಕು, ಉಲ್ಟಾ ಕಟ್ಟಿದರೆ ಕಟ್ಟಿದ್ದೇ ದಂಡ. ಜಾಸ್ತಿ ಹೊಸೆದರೆ ತುಂಡಾಗುತ್ತೆ. ನಾನು ಹಾಕಿದ್ದನ್ನು ನೋಡಿ ಮಾತಾಡದೆ ಕತ್ತರಿಸಿ, 'ಇನ್ನೊಂದ್ಸಲ ಹಾಕು' ಅಂದರು. ಕೆಲಸ ಮುಗಿದ ಮೇಲೆ ಟೂಲ್ ಬೋರ್ಡ್‌ನಲ್ಲಿ ಒಂದು ಸ್ಪ್ಯಾನರ್ ಕಮ್ಮಿ ಬಂದರೂ ಅದು ಸಿಗುವ ತನಕ ವಿಮಾನ ಬಿಡುವುದಿಲ್ಲವಂತೆ. ನನಗೆ ಬೇಕಾಗಿರುವುದು ಈ ಕೆಲಸ.

ಈಗ ನನ್ನ ತಕರಾರಿಗೆ ಬರ್ತೀನಿ. ಐಟಿಐ, ಡಿಪ್ಲೊಮಾ ಮುಗಿಸಿದವರಿಗೆ 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಎಚ್‌ಎಎಲ್‌ನಂಥ ಕಡೆ ಸ್ಟೈಪೆಂಡ್ ತಗೊಂಡು ಕಲಿಯುವ ಅವಕಾಶ ಇದೆ. ಅದು ಒಳ್ಳೆಯದೇ, ಆದರೆ ಆ ಸರ್ಟಿಫಿಕೇಟ್ ಎಎಂಇ ಲೈಸೆನ್ಸ್ ಅಲ್ಲ. ಪಿಯುಸಿ ಸೈನ್ಸ್ ಮುಗಿಸಿ ನೇರ ಲೈಸೆನ್ಸ್ ದಾರಿ ಹಿಡಿಯುವವರು ಡಿಜಿಸಿಎ ಒಪ್ಪಿಗೆ ಇರುವ ಸಂಸ್ಥೆಗೆ ಲಕ್ಷಗಟ್ಟಲೆ ಫೀಸ್ ಕಟ್ಟಿ, 2,400 ಗಂಟೆಗಳ ಕೋರ್ಸ್ ಮುಗಿಸಿ, ಅದರ ಮೇಲೆ ಹಾರಾಟಕ್ಕೆ ಬಳಕೆಯಲ್ಲಿರುವ ವಿಮಾನಗಳ ಮೇಲೆ ಕೆಲಸ ಮಾಡಿದ ಅನುಭವವನ್ನೂ ತೋರಿಸಬೇಕು. ಆ ಅನುಭವಕ್ಕೆ ಒಳಗೆ ಬಿಡುವವರು ಯಾರು? ನಾನು ವಿಚಾರಿಸಲು ಹೋದ ಒಂದು ಸಂಸ್ಥೆಯಲ್ಲಿ 'ಲೈಸೆನ್ಸ್ ಗ್ಯಾರಂಟಿ' ಅಂದರು. ಪ್ರಾಕ್ಟಿಕಲ್ ಎಲ್ಲಿ ಅಂತ ಕೇಳಿದ್ದಕ್ಕೆ ಅಂಗಳದಲ್ಲಿ ನಿಲ್ಲಿಸಿದ್ದ ಹಳೇ ವಿಮಾನ ತೋರಿಸಿದರು. ಅದರ ಟೈರಿನಲ್ಲಿ ಗಾಳಿ ಕೂಡ ಇರಲಿಲ್ಲ. ಲೈಸೆನ್ಸ್ ಕೊಡುವುದು ಡಿಜಿಸಿಎ, ಕಾಲೇಜು ಹೇಗೆ ಗ್ಯಾರಂಟಿ ಕೊಡುತ್ತೆ?

ಇಂಥ ಸಂಸ್ಥೆಗಳು ಜಾಹೀರಾತಿನಲ್ಲೇ ಒಪ್ಪಿಗೆ ಯಾವ ವಿಭಾಗಕ್ಕಿದೆ, ಪ್ರಾಕ್ಟಿಕಲ್ ಯಾವ ಕಂಪನಿಯ ಹ್ಯಾಂಗರ್‌ನಲ್ಲಿ ನಡೆಯುತ್ತೆ ಅಂತ ಬರೆಯುವಂತೆ ಮಾಡಬೇಕು. ಪಿಯು ಕಾಲೇಜುಗಳು ಸಿಇಟಿ ಬಗ್ಗೆ ಹೇಳುವಾಗ ಇದನ್ನೂ ಹೇಳಲಿ. ದೇವನಹಳ್ಳಿ ಏರ್‌ಪೋರ್ಟ್‌ನಲ್ಲಿ ಹ್ಯಾಂಗರ್ ಕಟ್ಟುವ ವಿಮಾನ ಕಂಪನಿಗಳು ಸುತ್ತಲಿನ ಊರುಗಳ ಪಿಯುಸಿ ಮಕ್ಕಳನ್ನು ಅಪ್ರೆಂಟಿಸ್ ಆಗಿ ತಗೊಂಡು, ಕೆಲಸ ಕಲಿಸುತ್ತಲೇ ಲೈಸೆನ್ಸ್ ಪರೀಕ್ಷೆಗಳನ್ನೂ ಬರೆಸಲಿ. ಆ ಏರ್‌ಪೋರ್ಟ್‌ಗೆ ಜಮೀನು ಬಿಟ್ಟುಕೊಟ್ಟ ಊರುಗಳವು, ಅಲ್ವಾ?

ಬಿಇ ಸೀಟು ಸಿಕ್ಕರೂ ನನ್ನ ಮನಸ್ಸು ಎಎಂಇ ಕಡೆಗೇ ಇದೆ. ಅಪ್ಪನಿಗೆ ಫೀಸಿನದ್ದೇ ಚಿಂತೆ. ಬಸ್ ಚಾರ್ಜು, ಊಟಕ್ಕೆ ಆಗುವಷ್ಟು ಸ್ಟೈಪೆಂಡ್ ಕೊಟ್ಟು ಕಲಿಸುವ ಹ್ಯಾಂಗರ್ ಇದ್ದರೆ ನಾಳೆಯೇ ಸೇರುತ್ತೇನೆ.

– ಒಬ್ಬ ವಿದ್ಯಾರ್ಥಿನಿ, ದೊಡ್ಡಬಳ್ಳಾಪುರ